ಟವೆಲ್ ಕೆಳಗಿನ ಹೆಬ್ಬೆರಳು

ಹಳೆಯ ಗಾಡಿ ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು ಇದು: ಬಾನೆಟ್ ಎತ್ತಬೇಡಿ. ನೀವು ಬಾನೆಟ್ ಎತ್ತುತ್ತೀರಿ ಎಂಬುದು ಮಾರುವವನಿಗೆ ಗೊತ್ತು, ಹಾಗಾಗಿ ಅಲ್ಲೆಲ್ಲ ತೊಳೆದು ಒರೆಸಿ ಇಟ್ಟಿರುತ್ತಾನೆ. ನೀವು ಹಿಂದಿನ ಸೀಟಿನ ಕೆಳಗೆ ಕೈ ಹಾಕಿ. ತೊಗರಿ ಕಾಳು ಸಿಕ್ಕರೆ ಗಾಡಿ ಮೂಟೆ ಹೊತ್ತಿದೆ. ಕಲ್ಲಿನ ಪುಡಿ ಸಿಕ್ಕರೆ ಗಣಿಗೆ ಹೋಗಿಬಂದಿದೆ, ಸ್ಪ್ರಿಂಗ್ ಕೂತಿರುತ್ತದೆ. ಅರಿಶಿನ ಹತ್ತಿದ ಅಕ್ಕಿ ಸಿಕ್ಕರೆ ಮದುವೆ ಬಾಡಿಗೆಗೆ ಓಡಿದ ಗಾಡಿ. ಅದರ ಹಾರ್ನ್ ಒಂದು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿರಬಹುದು.

ಶಹಾಬಾದಿನಲ್ಲಿ ನನ್ನ ಮನೆ ಎದ್ದಿರುವುದು ಈ ವಿದ್ಯೆಯ ಮೇಲೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಲಾರಿಗೆ ಕ್ಲೀನರ್ ಆಗಿ ಶುರು ಮಾಡಿದವನು ನಾನು. ಆಮೇಲೆ ಡ್ರೈವರ್, ಆಮೇಲೆ ಹಳೆ ಗಾಡಿ ಕೊಂಡು ಮಾರುವ ದಂಧೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಎಲ್ಲಾ ಕಡೆ ನಾನು ಮಾರಿದ ಗಾಡಿಗಳು ಓಡುತ್ತಿವೆ. ಕೆಲವು ನಿಂತಿವೆ, ಅವುಗಳ ಮಾಲೀಕರನ್ನು ಕಂಡರೆ ನಾನು ಬೇರೆ ದಾರಿ ಹಿಡಿಯುತ್ತೇನೆ.

ಸಮಾಜಸೇವೆಗೆ ನಾನು ಬಂದದ್ದು ಸೇವೆಯ ಮನಸ್ಸಿನಿಂದ ಅಲ್ಲ, ಒಂದು ಅವಮಾನದಿಂದ.

ನಮ್ಮ ಕಡೆ ಒಂದು ಸಂಸ್ಥೆ ಇದೆ. ವಯಸ್ಸಾದವರು, ನಡೆಯಲು ಬಾರದವರು, ರೋಗಿಗಳು, ಇಂಥವರನ್ನು ಮನೆ ಬಾಗಿಲಿಂದ ಹತ್ತಿಸಿಕೊಂಡು ಕಲಬುರಗಿಯ ಆಸ್ಪತ್ರೆಗೆ ಒಯ್ದು ಮರಳಿ ಮನೆಗೆ ಬಿಡುವ ಕೆಲಸ ಅದರದು. ಪುಕ್ಕಟೆ. ಅದರ ಅಧ್ಯಕ್ಷರು ನಿವೃತ್ತ ಇಂಜಿನಿಯರು. ಅವರು ನನ್ನ ಹತ್ತಿರ ಒಂದು ಹಳೆ ಗಾಡಿ ಕೊಳ್ಳಲು ಬಂದರು. ನಾನು ದರ ಹೇಳಿದೆ. ಅವರು "ಆಗಲಿ" ಎಂದರು.

ಅಷ್ಟೇ. "ಆಗಲಿ." ನಾನು ಹೇಳುವ ಮೊದಲ ದರ ಎಂದರೆ ಅದು ದರವಲ್ಲ, ಮಾತು ಶುರು ಮಾಡಲು ಹಾಕುವ ಚಾಪೆ. ಚಾಪೆಯನ್ನೇ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟವರನ್ನು ಏನು ಮಾಡುವುದು? ನಾನು ಅವರನ್ನು ಕೂರಿಸಿದೆ.

"ಸಾಹೇಬ್ರ, ನೀವು ಭಾಳ ಆತು ಅನ್ರಿ."

"ಭಾಳ ಆಯಿತು ಅಂತ ನನಗೆ ಅನಿಸಲಿಲ್ಲವಲ್ಲ."

"ಅನಿಸದಿದ್ರೂ ಅನ್ರಿ. ಎದ್ದು ಹೊಂಟಂಗ ಮಾಡ್ರಿ. ನಾ ಕರೀತೀನಿ."

ಅವರು ಎದ್ದು ನಿಜವಾಗಿಯೇ ಹೊರಟುಹೋದರು. ನಾನು ಓಡಿಹೋಗಿ ರಿಕ್ಷಾ ಸ್ಟ್ಯಾಂಡಿನಿಂದ ಕರೆತಂದೆ. ಕೊನೆಗೆ ಅವರ ಪರವಾಗಿಯೂ ನಾನೇ, ನನ್ನ ಪರವಾಗಿಯೂ ನಾನೇ ಚೌಕಾಸಿ ಮಾಡಿ, ದರ ಇಳಿಸಿ, ಗಾಡಿ ಕೊಟ್ಟು ಕಳಿಸಿದೆ. ಮರುವಾರ ಅವರು ಒಂದು ಹಾರ ತಂದು ನನ್ನ ಕೊರಳಿಗೆ ಹಾಕಿ, ನಮ್ಮ ಕಮಿಟಿಗೆ ನಿಮ್ಮಂಥವರು ಬೇಕು ಎಂದರು. ಹಾರ ಹಾಕಿಸಿಕೊಂಡ ಮೇಲೆ ಚೌಕಾಸಿ ನಡೆಯುವುದಿಲ್ಲ. ಇದನ್ನೂ ನೆನಪಿಡಿ: ಯಾರಾದರೂ ಹಾರ ತಂದರೆ ಮೊದಲು ಕೈಯಲ್ಲಿ ತೆಗೆದುಕೊಳ್ಳಿ, ಕೊರಳು ಕೊಡಬೇಡಿ.

ಸಂಸ್ಥೆಗೆ ಐದು ಗಾಡಿ, ಊರಿಗೊಂದು: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಸುತ್ತಲಿನ ಹಳ್ಳಿಗಳು ಆಯಾ ಗಾಡಿಯ ಪಾಲಿಗೆ. ನಾನು ಸೇರುವಾಗ ಗಾಡಿಗಳು ಬಿಳಿ ಬಣ್ಣದವು, ಮೈಮೇಲೆ ಕೆಂಪು ಪಟ್ಟಿ. ಜನ ಹತ್ತುತ್ತಿರಲಿಲ್ಲ. ಪುಕ್ಕಟೆ ಗಾಡಿ, ಬಿಳಿ ಬಣ್ಣ, ಆಸ್ಪತ್ರೆ ದಾರಿ. ಹತ್ತಿದವರು ತಿರುಗಿ ಬರುವುದಿಲ್ಲ ಅಂತ ಒಂದು ಮಾತು ಹಬ್ಬಿತ್ತು. ನಾನು ಪಟ್ಟಿಗೆ ಹಸಿರು ಬಳಿಸಿ, ಹಿಂದೆ ಗುಲಾಬಿ ಹೂವು ಬರೆಸಿ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದೆ. ಜನ ಹತ್ತತೊಡಗಿದರು. ಇನ್ನೊಂದು ತೊಡಕು ಫೋನಿನದು. ಗಾಡಿ ಬೇಕೆಂದು ಫೋನ್ ಮಾಡಿದವರನ್ನು ಆಫೀಸಿನ ಹುಡುಗಿ "ಎಲ್ಲಿಗೆ ಹೋಗಬೇಕು?" ಎಂದು ಕೇಳುತ್ತಿದ್ದಳು. ಹೊರಟವರನ್ನು ಎಲ್ಲಿಗೆ ಅಂತ ಕೇಳುವುದು ಅಪಶಕುನ ಅಲ್ಲವೇ? ಅವರು ಫೋನ್ ಇಟ್ಟುಬಿಡುತ್ತಿದ್ದರು. "ದೂರ ಏನ್ರೀ?" ಅಂತ ಕೇಳು ಎಂದು ನಾನು ಹೇಳಿಕೊಟ್ಟೆ. ಆಮೇಲೆ ಅವರೇ ದಾರಿ, ಆಸ್ಪತ್ರೆ, ರೋಗ, ಸೊಸೆಯ ಸ್ವಭಾವ ಎಲ್ಲಾ ಹೇಳತೊಡಗಿದರು.

ಕಮಿಟಿಯಲ್ಲಿ ನನಗೆ ಕೊಟ್ಟ ಕೆಲಸ ಡೀಸೆಲ್ ಮೇಲೆ ಕಣ್ಣಿಡುವುದು. ಅದಕ್ಕಾಗಿ ಆಗಾಗ ಗಾಡಿಗಳಲ್ಲಿ ಕೂತು ಹೋಗುತ್ತಿದ್ದೆ. ಹಾಗೆ ಹೋದಾಗಲೇ ಆ ಇಬ್ಬರು ಅಕ್ಕತಂಗಿಯರನ್ನು ಕಂಡದ್ದು.

ಅಕ್ಕ ರಾವೂರಿನವಳು, ವಾಡಿ ಗಾಡಿಯಲ್ಲಿ ಬರುವಳು. ತಂಗಿಯ ಊರು ಚಿಂಚೋಳಿಯ ಆಚೆ ಚಂದ್ರಂಪಳ್ಳಿಯ ಹತ್ತಿರ, ಚಿಂಚೋಳಿ ಗಾಡಿಯಲ್ಲಿ ಬರುವಳು. ಇಬ್ಬರೂ ವಿಧವೆಯರು, ಇಬ್ಬರಿಗೂ ಕಿಡ್ನಿ ಕೈಕೊಟ್ಟಿದೆ, ಇಬ್ಬರಿಗೂ ಒಂದೇ ದಿನ ಡಯಾಲಿಸಿಸ್. ಆಸ್ಪತ್ರೆಯವರು ತಿಳಿಯದೆ ಇಬ್ಬರನ್ನೂ ಪಕ್ಕಪಕ್ಕದ ಮಂಚದ ಮೇಲೆ ಮಲಗಿಸಿದ್ದರು. ತಿಳಿದ ಮೇಲೆ ಬೇರೆ ಮಾಡಲು ನೋಡಿದರು, ಇಬ್ಬರೂ ಒಪ್ಪಲಿಲ್ಲ.

ಅವರ ಜಗಳ ಒಂದು ಬೀಸುಕಲ್ಲಿನದು. ತಾಯಿ ತೀರಿಕೊಂಡಾಗ ಮನೆಯ ಸಾಮಾನು ಹಂಚಿಕೊಳ್ಳುವಾಗ ಬೀಸುಕಲ್ಲು ಯಾರಿಗೆ ಎಂದು ತೀರ್ಮಾನವಾಗದೆ, ಅಕ್ಕ ಮೇಲಿನ ಕಲ್ಲನ್ನೂ ತಂಗಿ ಕೆಳಗಿನ ಕಲ್ಲನ್ನೂ ಎತ್ತಿಕೊಂಡು ತಮ್ಮ ತಮ್ಮ ಗಂಡನ ಮನೆಗೆ ಹೋಗಿದ್ದರು. ಅಂದಿನಿಂದ ಆ ಕಲ್ಲಿನಲ್ಲಿ ಯಾರೂ ಒಂದು ಹಿಡಿ ಜೋಳ ಬೀಸಿಲ್ಲ.

ನಾನು ಮೊದಲ ಸಲ ಆ ವಾರ್ಡಿನ ಬಾಗಿಲಲ್ಲಿ ನಿಂತಾಗ ಕೇಳಿದ್ದು ಇದು. ಅಕ್ಕ ಹೇಳುತ್ತಿದ್ದಳು:

"ನೀ ಕೆಳಗಿಂದು ಕೊಡಲಿಲ್ಲಂದ್ರ ನನ್ನ ಮ್ಯಾಲಿನ ಕಲ್ಲ ಏನ್ ಗಾಳಿ ಬೀಸಬೇಕೇನ?"

"ಬೀಸಲಿ. ಕೆಳಗಿಂದು ಅವ್ವ ನಂಗ ಕೊಟ್ಟಾಳ."

"ಅಕಿ ಸತ್ತ ಮ್ಯಾಲ ಎತ್ಕೊಂಡು ಹೋಗಿ, ಕೊಟ್ಟಾಳ ಅಂತಿ."

"ನೀ ಮ್ಯಾಲಿಂದು ಎತ್ತಿದಾಗ ಅಕಿ ಜೀವಂತ ಇದ್ದಳೇನ?"

ನರ್ಸ್ ಬಂದು ಅಕ್ಕನಿಗೆ, "ಆಯಿ, ಬಿಪಿ ಏರ್ಲಿಕತ್ತದ, ಜರಾ ಸುಮ್ನಿರ್ರಿ" ಎಂದಳು.

"ಅಕಿಂದೂ ನೋಡವ್ವಾ. ಅಕಿಂದು ಏರಿಲ್ಲಂದ್ರ ನಾ ಹೇಳೋದು ಇನ್ನಾ ಅದ."

ಒಮ್ಮೆ ತಂಗಿಗೆ ಜ್ವರ ಬಂದು ಬರಲಿಲ್ಲವಂತೆ. ಅಂದು ಅಕ್ಕ ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಲಿಲ್ಲ, ಸಂಜೆ ಗಾಡಿ ಇಳಿಯುವಾಗ ಡ್ರೈವರನಿಗೆ, "ಆ ಚಿಂಚೋಳಿ ಗಾಡಿಗಿ ಫೋನ್ ಹಚ್ಚಿ ಕೇಳು, ಅಕಿ ಸತ್ತಿಲ್ಲಲ್ಲ" ಎಂದಳು. ವಾಡಿ ಡ್ರೈವರ್ ನನಗೆ ಇದನ್ನು ನಗುತ್ತಾ ಹೇಳಿದ. ಆದರೆ ಅವನು ಹೇಳಿದ್ದರಲ್ಲಿ ನಗಲಾರದ್ದೂ ಇತ್ತು. ರಾವೂರಿನಿಂದ ಚಂದ್ರಂಪಳ್ಳಿಗೆ ಬಸ್ಸು ಬದಲಿಸಿ ಬದಲಿಸಿ ಹೋಗುವ ತ್ರಾಣ ಆ ಇಬ್ಬರಲ್ಲೂ ಇಲ್ಲ. ಅವರು ಮುಖ ನೋಡಿಕೊಳ್ಳುವುದು ಆ ಎರಡು ಮಂಚದ ಮೇಲೆ ಮಾತ್ರ, ಆ ಎರಡು ಗಾಡಿ ಓಡಿದರೆ ಮಾತ್ರ.

ಇಂಥದ್ದರಲ್ಲಿ ಹೊಸ ಕಟ್ಟಡದ ಮಾತು ಬಂತು.

ನಮ್ಮ ಸಂಸ್ಥೆಗೆ ಸ್ವಂತ ಜಾಗ ಇರಲಿಲ್ಲ. ರಾತ್ರಿ ಐದೂ ಗಾಡಿಗಳು ಶಹಾಬಾದಿಗೇ ಬಂದು ಯಾರದೋ ಕಾಂಪೌಂಡಿನಲ್ಲಿ, ಬೇವಿನ ಗಿಡದ ಕೆಳಗೆ, ಒಂದು ಪೆಟ್ರೋಲ್ ಪಂಪಿನ ಹಿಂದೆ ನಿಲ್ಲುತ್ತಿದ್ದವು. ದೊಡ್ಡ ಕಂಪನಿಯೊಂದು, ಜಾಗ ನಿಮ್ಮದಾದರೆ ಕಟ್ಟಡ ನಮ್ಮದು ಎಂದು ಒಪ್ಪಿತು. ಅಧ್ಯಕ್ಷರು ಒಂದು ನಕ್ಷೆ ಬರೆದರು. ಇಂಜಿನಿಯರು ನಿವೃತ್ತರಾದರೆ ಅವರ ಕೈ ನಿವೃತ್ತವಾಗುವುದಿಲ್ಲ. ಬಿಚ್ಚಿದರೆ ಮೇಜಿನ ಎರಡೂ ಬದಿ ಜೋತುಬೀಳುವ ನಕ್ಷೆ. ಐದೂ ಗಾಡಿ ಸಾಲಾಗಿ ನಿಲ್ಲುವ ಶೆಡ್, ಕೆಳಗಿಳಿದು ರಿಪೇರಿ ಮಾಡಲು ಗುಂಡಿ, ಕಾಯುವವರಿಗೆ ಹಾಲ್, ಡಯಾಲಿಸಿಸ್ ಮುಗಿಸಿ ಬಂದು ಸುಸ್ತಾದವರಿಗೆ ಮಂಚ, ಹಿಡಿದು ಏಳಲು ಕಂಬಿ ಇರುವ ಪಾಯಖಾನೆ, ಗಾಲಿ ಕುರ್ಚಿ ಏರಲು ಇಳಿಜಾರು. ಆ ಐದು ಗಾಡಿಗಳನ್ನು ಅವರು ಸ್ಕೇಲ್ ಹಿಡಿದು ಎಷ್ಟು ಚೆಂದ ಬರೆದಿದ್ದರೆಂದರೆ, ನಮ್ಮ ನಿಜವಾದ ಗಾಡಿಗಳನ್ನು ನೋಡಿದರೆ ಬೇಜಾರಾಗುತ್ತಿತ್ತು.

ಇಳಿಜಾರಿಗೆ ನಾನು ಪಾಲಿಶ್ ಮಾಡಿದ ಶಹಾಬಾದ ಕಲ್ಲು ದಾನ ಕೊಡುತ್ತೇನೆ ಎಂದೆ. ಪಾಲಿಶ್ ಕಲ್ಲಿನ ಇಳಿಜಾರಿನಲ್ಲಿ ಗಾಲಿ ಕುರ್ಚಿ ನೇರ ವಾಡಿ ಜಂಕ್ಷನ್ ತಲುಪುತ್ತದೆ ಎಂದರು ಅಧ್ಯಕ್ಷರು. ಒರಟು ಕಲ್ಲು ಎಂದು ತೀರ್ಮಾನವಾಯಿತು. ಈ ಮನುಷ್ಯನಿಗೆ ತಮಾಷೆ ಬರುವುದಿಲ್ಲ ಎಂದುಕೊಂಡಿದ್ದೆ, ಬರುತ್ತದೆ.

ಅದೇ ಸಭೆಯಲ್ಲಿ ಚಿಂಚೋಳಿಯ ಮಾತು ಎದ್ದಿತು. ಚಿಂಚೋಳಿ ಗಾಡಿ ಬೆಳಿಗ್ಗೆ ಶಹಾಬಾದಿನಿಂದ ಖಾಲಿ ಹೋಗಿ, ಅಲ್ಲಿನ ಕೆಲವೇ ಮಂದಿಯನ್ನು ಹತ್ತಿಸಿಕೊಂಡು ಕಲಬುರಗಿಗೆ ಹೋಗಿ, ಸಂಜೆ ಅವರನ್ನು ಬಿಟ್ಟು ಮತ್ತೆ ಖಾಲಿ ಬರುತ್ತದೆ. ಉಳಿದ ಗಾಡಿಗಳಿಗಿಂತ ಎಷ್ಟೋ ಹೆಚ್ಚು ಡೀಸೆಲ್ ಕುಡಿಯುತ್ತದೆ. ಕಟ್ಟಡ ಬಂದರೆ ಕಾವಲುಗಾರ, ಕರೆಂಟು, ನೀರು ಅಂತ ಖರ್ಚು ಏರುತ್ತದೆ. ಚಿಂಚೋಳಿ ಗಾಡಿ ನಿಲ್ಲಿಸಿ, ಅದನ್ನು ಸೇಡಂ ಗಾಡಿ ಕೆಟ್ಟರೆ ಬದಲಿಗೆಂದು ಶೆಡ್ಡಿನಲ್ಲಿ ಇಟ್ಟುಕೊಳ್ಳೋಣ ಎಂದು ತೀರ್ಮಾನ. ಕೈ ಎತ್ತಿದವರಲ್ಲಿ ನಾನೂ ಒಬ್ಬ. ಡೀಸೆಲ್ ಮಾತಿಗೆ ಡೀಸೆಲ್ ಲೆಕ್ಕವೇ ಉತ್ತರ. ಈಗಲೂ ಆ ಲೆಕ್ಕ ತಪ್ಪಲ್ಲ ಅಂತಲೇ ನನ್ನ ವಾದ. ಕೈ ಇಳಿಸುವಾಗ ಆ ಎರಡು ಮಂಚ ನೆನಪಾದವು. ಆದರೆ ಕೈ ಆಗಲೇ ಎಣಿಕೆಗೆ ಸೇರಿತ್ತು.

ಜಾಗ ಹುಡುಕುವ ಕೆಲಸ ನನಗೆ ಬಂತು. ಎಲ್ಲಾ ಗಾಡಿಗಳಿಗೂ ಅನುಕೂಲ, ರಸ್ತೆಗೆ ಹತ್ತಿಕೊಂಡದ್ದು, ತಂಟೆ ತಕರಾರು ಇಲ್ಲದ್ದು. ತಿರುಗಿ ತಿರುಗಿ ಕೊನೆಗೆ ಸಿಕ್ಕ ಜಾಗ ರಾವೂರಿನ ರಸ್ತೆ ಬದಿಯದು. ಯಾರದು ಎಂದು ವಿಚಾರಿಸಿದೆ. ಬೀಸುಕಲ್ಲಿನ ಮೇಲಿನ ಅರ್ಧ ಯಾರ ಮನೆಯಲ್ಲಿದೆಯೋ ಅವಳದು.

ಜಾಗ ಕೊಳ್ಳುವ ಕ್ರಮ ಹೇಳುತ್ತೇನೆ ಕೇಳಿ. ಬೇಕಾದ ಜಾಗವನ್ನು ಎಂದೂ ನೇರ ನೋಡಬಾರದು. ಬೇರೆ ಕೆಲಸಕ್ಕೆ ಬಂದವರ ಹಾಗೆ ಬಂದು, ಜಾಗದ ಕಡೆ ಬೆನ್ನು ಮಾಡಿ ಕೂತು, ನೀರು ಕೇಳಿ, ಆಮೇಲೆ ಅದನ್ನು ಚೆನ್ನಾಗಿ ಬಯ್ಯಬೇಕು. ನಾನು ಹಾಗೇ ಮಾಡಿದೆ.

"ಯವ್ವಾ, ಇದೇನ್ ಹೊಲ ಐತೋ ಕಲ್ಲಿನ ದಿಬ್ಬ ಐತೋ? ಅರ್ಧ ಗಣಿ ಕಸನೇ ಅದ."

"ಅರ್ಧ ಅಲ್ಲ ತಮ್ಮಾ," ಎಂದಳು ಆಕೆ. "ಮುಕ್ಕಾಲು."

"ಜಾಲಿ ಕಂಟಿ ಬ್ಯಾರೆ."

"ಹಾವೂ ಅದಾವ. ನೀ ನೋಡಿಲ್ಲೇನ?"

"ಮಳಿ ಬಂದ್ರ ನೀರು ನಿಂದ್ರತದ."

"ತಿಂಗಳಗಟ್ಟಲೆ. ಸೊಳ್ಳಿ ಭಾಳ. ಅಷ್ಟು ಕೆಟ್ಟ ಜಾಗಾ ನಿಂಗ್ಯಾಕ? ಬಿಸಲಾಗ ಬಂದಿ, ನೀರ ಕುಡಿ, ಹೋಗು."

ದಂಧೆಯಲ್ಲಿ ನನ್ನನ್ನು ಹೀಗೆ ಯಾರೂ ಎಬ್ಬಿಸಿ ಕಳಿಸಿರಲಿಲ್ಲ. ನಾನು ಒಂದು ಕಲ್ಲು ಎಸೆದರೆ ಆಕೆ ತಾನೇ ನಾಲ್ಕು ಎಸೆದು ತನ್ನ ಮನೆಯ ಹಂಚು ಒಡೆದುಕೊಳ್ಳುತ್ತಿದ್ದಾಳೆ. ಇನ್ನು ನಾನು ಎಸೆಯುವುದೇನನ್ನು? ಹೊರಟು ಬಾಗಿಲ ತನಕ ಬಂದಾಗ ಆಕೆ ಕೂತಲ್ಲಿಂದಲೇ ಕೇಳಿದಳು:

"ಚಿಂಚೋಳಿ ಗಾಡಿ ನಿಂದ್ರಸ್ತೀರಂತಲ್ಲ, ಖರೇನೇನ?"

ಡ್ರೈವರ್ ಬಾಯಿ ಬಿಟ್ಟಿದ್ದಾನೆ ಎಂದು ಗೊತ್ತಾಯಿತು. "ಇನ್ನಾ ಮಾತುಕತಿ ನಡದಾವ ಯವ್ವಾ" ಎಂದೆ.

"ನಡೀಲಿ. ಮುಗಿದ ಮ್ಯಾಲ ಬಾ. ಬರೂವಾಗ ಆ ನಕ್ಷೆ ಬರಿಯೋ ಸಾಹೇಬನ್ನೂ ಕರ್ಕೊಂಡ ಬಾ. ಒಂದ್ ಟವೆಲ್ ತಗೊಂಡ ಬಾ."

ಟವೆಲ್ ಏಕೆ ಎಂದು ಆ ಕ್ಷಣ ತಲೆಗೆ ಹೋಗಲಿಲ್ಲ. ದಾರಿಯಲ್ಲಿ ಹೊಳೆಯಿತು. ಆಕೆಯ ಗಂಡ ದನದ ದಲಾಲಿ ಮಾಡುತ್ತಿದ್ದವನು. ನಮ್ಮ ಕಡೆ ದನದ ಸಂತೆಯಲ್ಲಿ ಸುತ್ತ ಮಂದಿ ನಿಂತಿರುವಾಗ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರೂ ಕೈ ಕೂಡಿಸುತ್ತಾರೆ, ಮೇಲೆ ಟವೆಲ್ ಹಾಕುತ್ತಾರೆ, ಒಳಗೆ ಬೆರಳು ಹಿಡಿದು ದರ ಮಾಡುತ್ತಾರೆ. ಇಷ್ಟು ಬೆರಳು ಅಂದರೆ ಇಷ್ಟು ದರ. ಒಪ್ಪಿಗೆ ಆದರೆ ಟವೆಲ್ ತೆಗೆಯುತ್ತಾರೆ. ಟವೆಲ್ ತೆಗೆದ ಮೇಲೆ ಮಾತು ಮುಗಿಯಿತು. ಎತ್ತು ಆ ಗಳಿಗೆಯಲ್ಲೇ ಕುಂಟಿದರೂ ಹಿಂದೆ ಸರಿಯುವಂತಿಲ್ಲ. ಸರಿದವನ ಕೈಯನ್ನು ಮತ್ತೆ ಯಾರೂ ಹಿಡಿಯುವುದಿಲ್ಲ.

ಮುದುಕಿಯ ಹುಡುಗಾಟ ಎಂದುಕೊಂಡೆ. ಹೆಗಲ ಮೇಲಿನ ನನ್ನ ಟವೆಲ್ಲನ್ನು ಒಗೆಸಿ, ಇಸ್ತ್ರಿ ಮಾಡಿಸಿ ಒಯ್ದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಟವೆಲ್ ಮರೆತು ಹೋಗಬೇಕಿತ್ತು.

ನಾವು ಹೋದಾಗ ಊರಿನ ನಾಲ್ಕು ಹಿರಿಯರು ಆಗಲೇ ಕಟ್ಟೆಯ ಮೇಲೆ ಕೂತಿದ್ದರು. ಆಕೆಯೇ ಕರೆಸಿದ್ದಳು. ಅಧ್ಯಕ್ಷರು ಶೂ ಬಿಚ್ಚಿ, ಚಾಪೆಯ ಮೇಲೆ ನಕ್ಷೆ ಹರವಿ, ಇದು ಹಾಲ್, ಇದು ಗುಂಡಿ, ಇದು ಇಳಿಜಾರು ಎಂದು ವಿವರಿಸಿದರು. ಆಕೆ ಎಲ್ಲಾ ಕೇಳಿ ಕೇಳಿ, ನಕ್ಷೆಯ ಮೇಲೆ ಬೆರಳಿಟ್ಟು, "ಈ ಪಾಯಖಾನಿ ಬಾಗಲಾ ರಸ್ತೆಗಿ ಮಾರಿ ಮಾಡ್ಯದಲ್ಲ, ಕುಂತವರು ಬಸ್ ಎಣಸಬೇಕೇನ?" ಎಂದಳು. ಹಿರಿಯರು ಕೆಮ್ಮಿದರು. ಅಧ್ಯಕ್ಷರು ಪೆನ್ಸಿಲ್ ತೆಗೆದು ಬಾಗಿಲು ತಿರುಗಿಸಿದರು.

ದರದ ಮಾತು ಅರ್ಧ ಕಪ್ಪು ಚಹಾದಲ್ಲಿ ಮುಗಿಯಿತು. ಊರಲ್ಲಿ ನಡೆಯುವ ದರ ಕೊಡ್ರಿ ಸಾಕು ಎಂದಳು. ನನಗೆ ಒಳಗೊಳಗೇ ಬೇಸರವಾಯಿತು. ಆಮೇಲೆ ಆಕೆ ಕೈ ಚಾಚಿದಳು.

"ಟವೆಲ್ ತಂದಿಯೇನ?"

ತೆಗೆದೆ. ಆಕೆಯ ಎಡಗೈ ಮುಂದೆ ಇತ್ತು, ಅದನ್ನೇ ಹಿಡಿಯಲು ಹೋದೆ. ಆಕೆ ಸರಕ್ಕನೆ ಎಳೆದುಕೊಂಡಳು.

"ಅದು ಮುಟ್ಟಬ್ಯಾಡ. ಅದು ದವಾಖಾನಿ ಕೈ, ಸೂಜಿ ಹಾಕೋದು. ಬಲಗೈ ನಂದು."

ಬಲಗೈ ಕೊಟ್ಟಳು. ಟವೆಲ್ ಮುಚ್ಚಿದೆ. ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಐದು ಬೆರಳು, ಐದು ಊರು. ಇಂವ ಎಷ್ಟ್ ಬೆರಳ ಹಿಡಸ್ತಾನೋ ಅಷ್ಟ್ ಊರಿಗಿ ಗಾಡಿ ಹೋಗಬೇಕು. ಎಲ್ಲಾ ಹಿಡಿಸಿದ್ರ ಜಾಗಾ ಕೊಡ್ತೀನಿ. ಇಲ್ಲಂದ್ರ ಹಾವು ಅದಾವ, ಅವಕ್ಕಾದ್ರೂ ಇರಲಿ."

ಅಧ್ಯಕ್ಷರು ನನ್ನ ಕಿವಿಯಲ್ಲಿ, "ಏನಿದು, ನಾಡಿ ನೋಡುತ್ತಿದ್ದಾರೆಯೇ?" ಎಂದರು. ಆಕೆ ಆಗಲೇ ನನ್ನ ಕಿರುಬೆರಳು ಹಿಡಿದಿದ್ದಳು. ಬಿಟ್ಟುಕೊಟ್ಟೆ, ಅದು ಶಹಾಬಾದ ಎಂದುಕೊಂಡೆ. ಉಂಗುರದ ಬೆರಳು, ವಾಡಿ. ನಡುಬೆರಳು, ಚಿತ್ತಾಪುರ. ತೋರುಬೆರಳು, ಸೇಡಂ. ಹೆಬ್ಬೆರಳನ್ನು ನಾನು ಅಂಗೈಗೆ ಒತ್ತಿ ಬಿಗಿಹಿಡಿದೆ. ಅದು ಚಿಂಚೋಳಿ.

ಎಷ್ಟೋ ವ್ಯಾಪಾರ ಮಾಡಿದ್ದೇನೆ. ಲಾರಿ ಮಾಲೀಕರು, ಸೀಜ್ ಮಾಡಿದ ಗಾಡಿ ಮಾರುವ ಫೈನಾನ್ಸಿನವರು, ಮೂರು ಮಂದಿ ಅಣ್ಣತಮ್ಮಂದಿರ ಪಾಲಿಗೆ ಬಂದ ಒಂದು ಟ್ರ್ಯಾಕ್ಟರ್, ಎಲ್ಲಾ ಆಗಿದೆ. ಇಂಥ ವ್ಯಾಪಾರ ಆಗಿರಲಿಲ್ಲ. ಆಕೆ ಎಳೆಯಲಿಲ್ಲ, ತಿವಿಯಲಿಲ್ಲ. ನಾಲ್ಕು ಬೆರಳು ಹಿಡಿದೇ ಕೂತಳು. ಆಮೇಲೆ ಬೇರೆ ಮಾತು ತೆಗೆದಳು. ಹಿರಿಯರೊಬ್ಬರ ಮಗಳ ಬಾಣಂತನ ವಿಚಾರಿಸಿದಳು. ಅಧ್ಯಕ್ಷರಿಗೆ ಎಷ್ಟು ಮಕ್ಕಳು ಎಂದು ಕೇಳಿದಳು. ಚಹಾ ಆರಿತು. ನನಗೆ ಕುಡಿಯಲು ಎಡಗೈ ಇತ್ತು, ಆದರೆ ಹಿರಿಯರ ಮುಂದೆ ಎಡಗೈಲಿ ಹೇಗೆ ಕುಡಿಯುವುದು? ನೊಣ ಬಂದು ಮೂಗಿನ ಮೇಲೆ ಕೂತಿತು. ಹೊರಗೆ ಕಲ್ಲಿನ ಲಾರಿಗಳು ಒಂದಾದ ಮೇಲೆ ಒಂದು ಹೋಗುತ್ತಿದ್ದವು. ಆಕೆಯ ಕೈ ಒಣಗಿದ ತೊಗರಿ ಕಟ್ಟಿಗೆಯ ಹಾಗೆ ಹಗುರ, ಆದರೆ ಬಿಡಲೊಲ್ಲದು.

"ಯವ್ವಾ," ಎಂದೆ ಮೆಲ್ಲಗೆ, "ನಾಲ್ಕು ಭಾಳ ಆತು. ದೊಡ್ಡ ಮನಸು ಮಾಡು."

"ನನ್ನ ಮನಸು ಸಣ್ಣದು ತಮ್ಮಾ. ಅದರಾಗ ಒಂದ ಬೆರಳ ಜಾಗಾ ಅದ."

"ಚಿಂಚೋಳಿ ದೂರ ಅದ."

"ನಂಗ ಗೊತ್ತಿಲ್ಲೇನ ದೂರ ಅದಂತ?"

ಆಕೆ ಅಷ್ಟೇ ಹೇಳಿದ್ದು. ತಂಗಿಯ ಹೆಸರು ಎತ್ತಲಿಲ್ಲ. ನನ್ನ ಮುಂಗೈ ಸೆಳೆಯತೊಡಗಿತು. ಸ್ನಾಯು ಗಂಟು ಕಟ್ಟಿತು. ಹೆಬ್ಬೆರಳು ಒಂದಿಷ್ಟು ಸಡಿಲಾಯಿತು. ಸಡಿಲಾದದ್ದೇ ತಡ, ಆಕೆ ಗಬಕ್ಕನೆ ಹಿಡಿದು, ದವಾಖಾನೆಯ ಕೈಯಿಂದಲೇ ಟವೆಲ್ ಕಿತ್ತು ಪಕ್ಕಕ್ಕೆ ಒಗೆದಳು.

ಎಲ್ಲರೂ ನೋಡಿದರು. ಐದೂ ಬೆರಳು ಆಕೆಯ ಹಿಡಿಯಲ್ಲಿ. ಹಿರಿಯರಲ್ಲಿ ಒಬ್ಬರು, "ಆತು, ಮುಗೀತು" ಎಂದರು.

ಕೈ ಸೆಳೆದದ್ದರಿಂದ ಹಾಗಾಯಿತು ಎಂದು ಕಮಿಟಿಯಲ್ಲಿ ನಾನು ಹೇಳಿದ್ದೇನೆ. ಸೆಳೆದದ್ದು ಸುಳ್ಳಲ್ಲ. ಆದರೆ ಲಾರಿಯ ಸ್ಟಿಯರಿಂಗ್ ಹಿಡಿದು ಹೈದರಾಬಾದ್ ತನಕ ಹೋಗಿಬಂದ ಕೈ ಅದು. ಇನ್ನೂ ಸ್ವಲ್ಪ ಹೊತ್ತು ತಡೆಯುತ್ತಿತ್ತು.

ಮರಳುವಾಗ ಗಾಡಿಯಲ್ಲಿ ಅಧ್ಯಕ್ಷರು ವಾಡಿ ದಾಟುವ ತನಕ ಶೂ ಲೇಸು ಕಟ್ಟುತ್ತಲೇ ಇದ್ದರು. ಆಮೇಲೆ ಹೇಳಿದರು, "ಕಮಿಟಿಯ ತೀರ್ಮಾನವನ್ನು ನೀವು ಒಂದು ಹೆಬ್ಬೆರಳಿನಿಂದ ಬದಲಾಯಿಸಿಬಿಟ್ಟಿರಿ."

"ಟವೆಲ್ ತೆಗೆದಾರ ಸಾಹೇಬ್ರ. ಈಗ ನಾ ಇಲ್ಲಾಂದ್ರ ಈ ಐದೂ ಊರಾಗ ನನ್ನ ಕೈ ಯಾರೂ ಹಿಡಿಯಂಗಿಲ್ಲ. ಗಾಡಿ ದಂಧೆ ಮುಚ್ಚಬೇಕಾಗ್ತದ."

"ಡೀಸೆಲ್?"

ಡೀಸೆಲ್. ಅದು ನನ್ನ ಪ್ರಶ್ನೆಯೇ. ನಕ್ಷೆಯ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಐದು ಗಾಡಿ ಸಾಲಾಗಿ ನಿಂತ ಶೆಡ್ ಕಣ್ಣ ಮುಂದೆ ಬಂತು, ಮತ್ತು ಒಂದು ಮಾತು ಹೊಳೆಯಿತು. ಚಿಂಚೋಳಿ ಗಾಡಿ ರಾತ್ರಿ ಈ ಶೆಡ್ಡಿಗೆ ಬಂದು ಮಲಗಬೇಕು ಎಂದು ಯಾರು ಹೇಳಿದರು? ಅದು ಖಾಲಿ ಹೋಗಿ ಖಾಲಿ ಬರುವುದು ಮಲಗುವುದಕ್ಕಾಗಿ ಮಾತ್ರ. ಚಿಂಚೋಳಿಯಲ್ಲೇ ಮಲಗಿದರೆ ಆ ಖಾಲಿ ಓಡಾಟವೇ ಇಲ್ಲ. ಡ್ರೈವರನೂ ಆ ಕಡೆಯವನೇ, ಪಾಪ ಹೆಂಡತಿ ಮಕ್ಕಳ ಮುಖ ನೋಡಿಕೊಂಡು ಇರುತ್ತಾನೆ.

ಹೇಳಿದೆ. ಅಧ್ಯಕ್ಷರು ಬೆರಳು ಮಡಿಚಿ ಕಿಲೋಮೀಟರ್ ಎಣಿಸಿದರು. ಲೆಕ್ಕಕ್ಕೆ ಅವರ ತಕರಾರು ಇರಲಿಲ್ಲ. "ಐದು ಗಾಡಿಗೆ ಶೆಡ್ ಬರೆದಿದ್ದೇನಲ್ಲ. ಐದನೆಯ ಜಾಗದಲ್ಲಿ ಏನು ಮಾಡುವುದು?" ಎಂದರು. ಅವರ ಸಂಕಟ ಅದು. ಇನ್ನೆರಡು ಮಂಚ ಹಾಕಿಸಿರಿ ಎಂದೆ.

ಚಿಂಚೋಳಿ ಗಾಡಿಗೆ ಮಲಗಲು ಸೂರು ಬೇಕಿತ್ತು. ಡ್ರೈವರ್ ಒಂದು ಜಾಗ ಹೇಳಿದ: ಚಂದ್ರಂಪಳ್ಳಿ ಹತ್ತಿರ ಒಂದು ಮನೆ, ಎತ್ತು ಮಾರಿದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿದೆ. ಯಾರ ಮನೆ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಹೋದೆ. ಈ ಸಲ ಟವೆಲ್ ಮನೆಯಲ್ಲೇ ಬಿಟ್ಟು ಹೋದೆ.

ತಂಗಿ ಅಕ್ಕನಿಗಿಂತ ತೆಳ್ಳಗೆ, ಮಾತು ಅವಳಿಗಿಂತ ಚುರುಕು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಳು.

"ಅಕ್ಕ ಏನ್ ಕೊಟ್ಟಾಳ?"

"ಜಾಗಾ ಕೊಟ್ಟಾಳ ಯವ್ವಾ. ರಸ್ತೆ ಬಾಜೂಕ."

"ಖಾಲಿ ಜಾಗಾ?"

"ಹೌದು."

"ರೊಕ್ಕ ತಗೊಂಡು?"

"ಊರ ದರ ತಗೊಂಡಾಳ."

"ನಾ ಸೂರು ಇದ್ದದ್ದು ಕೊಡ್ಲಿಕತ್ತೀನಿ, ಪುಕ್ಕಟ. ಅಕಿಗಿ ಹೋಗಿ ಹೇಳು. ಮರೀಬ್ಯಾಡ. ಇಲ್ಲಾ ನಾನೇ ಹೇಳ್ತೀನಿ ಬಿಡು, ನೀ ಬರೋಬ್ಬರಿ ಹೇಳಂಗಿಲ್ಲ."

ಷರತ್ತು ಎರಡು. ಕೊಟ್ಟಿಗೆಯಲ್ಲಿ ಕೋಳಿಗಳು ಮೊದಲಿನಿಂದ ಇವೆ, ಅವನ್ನು ಎಬ್ಬಿಸಬಾರದು. ಗಾಡಿ ಬಿಟ್ಟು ಹೋಗುವಾಗ ಡ್ರೈವರ್ ಒಂದು ರೊಟ್ಟಿ ತಿಂದೇ ಹೋಗಬೇಕು. ನಾನು ಎರಡಕ್ಕೂ ಒಪ್ಪಿದೆ. ಮೊದಲ ದರಕ್ಕೆ "ಆಗಲಿ" ಎಂದದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ.

ಹೀಗೆ ನಮ್ಮ ಸಂಸ್ಥೆಯ ಮೊದಲ ಸ್ವಂತ ಶೆಡ್ ಒಂದು ದನದ ಕೊಟ್ಟಿಗೆ. ರಾವೂರಿನಲ್ಲಿ ಪೂಜೆಯಾಗಿದೆ, ಕಂಬಗಳು ಎದೆಮಟ್ಟ ಬಂದಿವೆ, ಪಾಯಖಾನೆಯ ಬಾಗಿಲ ಚೌಕಟ್ಟು ರಸ್ತೆಗೆ ಬೆನ್ನು ಮಾಡಿದೆ, ಕಂಪನಿಯವರು ಬಂದು ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಆದರೆ ಕೊಟ್ಟಿಗೆ ಆಗಲೇ ಕೆಲಸಕ್ಕೆ ಹತ್ತಿತ್ತು. ತಂಗಿ ಇದನ್ನು ವಾರ್ಡಿಗೆ ಬಂದಾಗಲೆಲ್ಲ ಹೇಳುತ್ತಾಳೆ. "ನಿಂದು ಇನ್ನಾ ಎದ್ದಿಲ್ಲ, ನನ್ನದರಾಗ ಗಾಡಿ ಮಲ್ಕೊಂಡು ಎದ್ದು ಬಂದದ." ಅಕ್ಕ ಮೂಗು ಮುಚ್ಚಿಕೊಂಡು, "ಬಂದದ, ಮೈತುಂಬ ಕೋಳಿ ವಾಸನಿ 'ನಾನೂ ಬಂದೀನಿ' ಅಂತದ" ಎನ್ನುತ್ತಾಳೆ. ಸೀಟಿನ ಮೇಲೆ ಕೋಳಿ ಒಂದು ಮೊಟ್ಟೆ ಇಟ್ಟಿತ್ತಂತೆ. ಸುಲೇಪೇಟದ ಒಬ್ಬ ಮಾಸ್ತರು ನೋಡದೆ ಅದರ ಮೇಲೆ ಕೂತರು. ಆ ಧೋತರದ ವಿಷಯ ಕಮಿಟಿಯ ಮುಂದೆ ಬಂದು, ಚರ್ಚೆಯಾಗಿ, ಗಾಡಿಯ ಕಿಟಕಿ ರಾತ್ರಿ ಮುಚ್ಚಬೇಕು ಎಂದು ತೀರ್ಮಾನವಾಗಿದೆ.

ಇಷ್ಟರ ನಡುವೆ ಒಂದು ದಿನ ಚಿಂಚೋಳಿ ಡ್ರೈವರ್ ನನಗೆ ಫೋನ್ ಮಾಡಿದ.

"ಸಾವ್ಕಾರ್ರ, ಮುದುಕಿ ಗಾಡ್ಯಾಗ ಕಲ್ಲ ಹೇರ್ಯಾಳ್ರೀ."

"ಎಂಥಾ ಕಲ್ಲೋ?"

"ಬೀಸೂ ಕಲ್ಲ. ಕೆಳಗಿಂದು. ಇಬ್ಬರು ಎತ್ತಿ ಇಟ್ವಿ."

ಅಂದು ನಾನು ಕೆಲಸ ಬಿಟ್ಟು ಕಲಬುರಗಿಗೆ ಹೋದೆ. ಇಬ್ಬರೂ ಮಂಚದ ಮೇಲೆ, ಕೈಗೆ ಸೂಜಿ, ಪಕ್ಕದಲ್ಲಿ ಯಂತ್ರ ತಿರುಗುತ್ತಿದೆ. ತಂಗಿ ಮೇಲಿನ ಛಾವಣಿ ನೋಡುತ್ತಾ ಹೇಳಿದಳು:

"ಕಲ್ಲ ತಂದೀನಿ. ಗಾಡ್ಯಾಗ ಅದ. ಒಯ್ಯಿ."

ಅಕ್ಕ ತಕ್ಷಣ ತಿರುಗಿ ಬಯ್ಯದೆ ಇದ್ದದ್ದನ್ನು ನರ್ಸ್ ಕೂಡ ಕಂಡಿರಲಿಲ್ಲ, ಓಡಿಬಂದು ಬಿಪಿ ನೋಡಿದಳು.

"ಯಾಕ ತಂದಿ?"

"ಗಾಡಿ ನಿಂದ್ರಲಾರದಂಗ ಮಾಡಿದಿ. ನಾ ಯಾರ ಹಂಗಿನಾಗೂ ಇರಂಗಿಲ್ಲ."

"ಹಂಗೇನ ಹಂಗು? ನಾ ನಿನ್ನ ಸಲುವಾಗಿ ಮಾಡಿಲ್ಲ. ಆ ತಮ್ಮನ ಬೆರಳು ಸಡಿಲ ಆತು, ಹಿಡದೆ." ಬಾಗಿಲಲ್ಲಿ ನಿಂತ ನನ್ನ ಕಡೆ ಗದ್ದ ತೋರಿಸಿದಳು. "ನಾ ತಗಳಂಗಿಲ್ಲ. ಹೊಳ್ಳಿ ಒಯ್ಯಿ."

"ಗಾಡಿಗಿ ಹೇರಿದ್ದು ನಾ ಇಳಸಂಗಿಲ್ಲ. ಬೇಕಾದ್ರ ನೀ ಇಳಿಸ್ಕೊ."

"ಇಳಿಸಿದ್ರ ನೀ ಗೆದ್ದಂಗ."

ಹೀಗಾಗಿ ಆ ಕಲ್ಲನ್ನು ಯಾರೂ ಇಳಿಸಿಲ್ಲ. ಚಿಂಚೋಳಿ ಗಾಡಿಯ ಹಿಂದಿನ ಸೀಟಿನ ಕೆಳಗೆ ಕೂತು, ಅದು ಕಲಬುರಗಿಗೆ ಹೋಗುತ್ತದೆ, ಕೊಟ್ಟಿಗೆಗೆ ಬರುತ್ತದೆ, ಮತ್ತೆ ಹೋಗುತ್ತದೆ. ಡ್ರೈವರ್ ಸಂತೋಷದಿಂದ ಇದ್ದಾನೆ. ಹಿಂದೆ ಭಾರ ಇರುವುದರಿಂದ ಗಾಡಿ ಈಗ ಗುಂಡಿಯಲ್ಲಿ ಎಗರುವುದಿಲ್ಲ, ಮುದುಕರ ಸೊಂಟಕ್ಕೆ ಒಳ್ಳೆಯದಾಗಿದೆ ಎನ್ನುತ್ತಾನೆ. ಒಂದು ಕಲ್ಲು ಹೊತ್ತು ಓಡಲು ಡೀಸೆಲ್ ಎಷ್ಟು ಹೆಚ್ಚು ಬೇಕು ಎಂಬುದು ಕಮಿಟಿಯಲ್ಲಿ ನನಗೊಬ್ಬನಿಗೇ ಗೊತ್ತು. ನನ್ನನ್ನು ಯಾರೂ ಕೇಳಿಲ್ಲ.

ಮೊನ್ನೆ ಕಂಬ ನೋಡಲು ರಾವೂರಿಗೆ ಹೋದವನು ಆಕೆಯ ಮನೆಗೆ ಹೊಕ್ಕೆ. ಮೇಲಿನ ಕಲ್ಲು ಅಂಗಳಕ್ಕೆ ಬಂದಿತ್ತು. ತೊಳೆದಿತ್ತು. ಅದಕ್ಕೆ ಹೊಸ ಗೂಟ ಬಡಿದಿತ್ತು.

"ಇದೇನ್ ಯವ್ವಾ, ಹೊಸಾ ಗೂಟ?"

"ಹಳೇದು ಹುಳ ಹಿಡದಿತ್ತು, ಬದಲ ಮಾಡಿಸಿದೆ. ನೀ ಯಾಕ ಕೇಳ್ತಿ?"

ನಾನು ವ್ಯಾಪಾರಿ. ಮನುಷ್ಯ ತನ್ನ ಮಾಲನ್ನು ಹೊರಗೆ ತಂದು, ತೊಳೆದು, ಮುರಿದದ್ದನ್ನು ರಿಪೇರಿ ಮಾಡಿಸುವುದು ಯಾವಾಗ ಎಂಬುದು ನನಗೆ ಗೊತ್ತು. ಆದರೆ ಇಂಥ ಹೊತ್ತಿನಲ್ಲಿ ದರ ಕೇಳಲು ಹೋಗಬಾರದು, ಮಾತು ಕೆಡುತ್ತದೆ. ಕಲ್ಲಿನ ಕಡೆ ಬೆನ್ನು ಮಾಡಿ ಕೂತು, ನೀರು ಕೇಳಿದೆ.